ಪೀಠಿಕೆಯವರ ಕೇಬಲ್ಲು

ಪೀಠಿಕೆಯವರಿಗೆ ಆ ಹೆಸರು ಹೆತ್ತವರು ಇಟ್ಟದ್ದಲ್ಲ. ನೀರು ಸರಬರಾಜು ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುವವರು ಇಟ್ಟದ್ದು. ಒಂದು ಲೋಟ ನೀರು ಬೇಕಾದರೂ ಅವರು ಬಿಸಿಲಿನಿಂದ ಶುರು ಮಾಡಿ, ಬಿಸಿಲಿಗೂ ಗಂಟಲಿಗೂ ಇರುವ ಸಂಬಂಧ ವಿವರಿಸಿ, ನೀರು ಎಂಬ ಮಾತಿಗೆ ಬರುವಷ್ಟರಲ್ಲಿ ಕೇಳುವವನಿಗೇ ಬಾಯಾರಿಕೆಯಾಗಿರುತ್ತಿತ್ತು. ಸಿಟ್ಟು ಬಂದಾಗಲೂ ಅಷ್ಟೇ. ಅಸಲು ಬೈಗುಳಕ್ಕೆ ಬರುವ ಹೊತ್ತಿಗೆ ಬೈಸಿಕೊಳ್ಳಬೇಕಾದವನು ಬಸ್ಸು ಹತ್ತಿ ಹೋಗಿರುತ್ತಿದ್ದ. ಹೀಗಾಗಿ ಪಾಪ, ಅವರ ಸಿಟ್ಟು ಖರ್ಚಾಗದೆ ಒಳಗೇ ಉಳಿದು, ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಬಂದಿತ್ತು.

ಅಂಥವರ ಎದುರಿಗೆ, ಒಂದು ಭಾನುವಾರ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, ಭಾವಮೈದ ಚಿಕ್ಕ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ.

"ಭಾವ, ಈ ಹೆಣ ಯಾವಾಗ ಎತ್ತಿಸ್ತೀರಿ?"

ಹೆಣ ಎಂದದ್ದು ಪೀಠಿಕೆಯವರ ಕಂಪ್ಯೂಟರಿಗೆ. ಈಗಿನ ಕಾಲದ್ದಲ್ಲ. ದಪ್ಪನೆಯ ಕೀಬೋರ್ಡು, ಅದರ ಹೊಟ್ಟೆಯೊಳಗೇ ಇಡೀ ಕಂಪ್ಯೂಟರು; ಮುಖ ಬೇಕೆಂದರೆ ಹಳೆಯ ಟಿವಿಗೆ ಸಿಕ್ಕಿಸಬೇಕು, ಬುದ್ಧಿ ಬೇಕೆಂದರೆ ಕ್ಯಾಸೆಟ್ಟು ಹಾಕಿ ಕಾಯಬೇಕು. ಬಿಳಿಯಾಗಿದ್ದದ್ದು ಹಳೇ ಹಲ್ಲಿನ ಬಣ್ಣಕ್ಕೆ ಬಂದಿತ್ತು. ಅವರು ಅದನ್ನು ಕೊಂಡದ್ದು ಮದುವೆಗೂ ಮುಂಚೆ. ಮನೆಯಲ್ಲಿ ಯಾರು ಸೀನಿಯರ್ ಎಂದು ಲೆಕ್ಕ ಹಾಕಿದರೆ ಹೆಂಡತಿಗಿಂತ ಅದೇ ಮೇಲೆ ಬರಬೇಕು. ಹಾಗೆ ಲೆಕ್ಕ ಹಾಕುವ ಧೈರ್ಯ ಮಾತ್ರ ಅವರಿಗಿರಲಿಲ್ಲ.

ಆ ಯಂತ್ರದೊಳಗೆ ಅವರೇ ಬರೆದ ಒಂದು ಪ್ರೋಗ್ರಾಂ ಇತ್ತು. ಯಾವ ತಾರೀಕು ಕೊಟ್ಟರೂ ಅದು ಯಾವ ವಾರವೆಂದು ಹೇಳುತ್ತಿತ್ತು. ಅದು ಹೇಳುವಷ್ಟರಲ್ಲಿ ಪಕ್ಕದ ಮನೆಗೆ ಹೋಗಿ ಕ್ಯಾಲೆಂಡರ್ ನೋಡಿಕೊಂಡು, ಕಾಫಿ ಕುಡಿದು ಬರಬಹುದಿತ್ತು ಎಂಬುದು ಬೇರೆ ಮಾತು. ಪೀಠಿಕೆಯವರು ಬದುಕಿನಲ್ಲಿ ಬರೆದ ಮಿಕ್ಕೆಲ್ಲ ಕಾಗದಗಳ ಕೆಳಗೆ ಬೇರೆಯವರ ಸಹಿ ಬಿದ್ದಿದೆ. ಇದೊಂದು ಮಾತ್ರ ಪೂರ್ತಿ ಅವರದು. ಅದೆಂದರೆ ಅವರಿಗೆ ಪ್ರಾಣ.

ಭಾವಮೈದ ಲ್ಯಾಪ್‌ಟಾಪ್ ಮಾರುವ ಕಂಪನಿಯವನು. ಈ ಊರಿಗೆ ಹೊಸದಾಗಿ ವರ್ಗವಾಗಿತ್ತು. ಕಂಪನಿ ಊರಿನ ಆಚೆ ತುದಿಯಲ್ಲಿ ಮನೆ ಕೊಡುತ್ತೇನೆ ಎಂದಿದ್ದರೂ, ಆ ಮನೆಯಲ್ಲಿ ಅಕ್ಕನ ಅಡುಗೆ ಇಲ್ಲ ಎಂಬ ದೊಡ್ಡ ಕೊರತೆ ಅವನಿಗೆ ಕಂಡಿತ್ತು. ಅಕ್ಕನಿಗೊಂದು ಲ್ಯಾಪ್‌ಟಾಪ್ ಉಡುಗೊರೆ ತಂದು, ಅದರ ಹಿಂದೆಯೇ ತನ್ನ ಸೂಟ್‌ಕೇಸನ್ನೂ ತಂದಿದ್ದ. ಅವನ ಕಣ್ಣು ಈಗ ಕಂಪ್ಯೂಟರಿದ್ದ ಚಿಕ್ಕ ಕೋಣೆಯ ಮೇಲಿತ್ತು. ಈ ಮನೆಯಲ್ಲಿ ಒಳಗಿನಿಂದ ಚಿಲಕ ಬೀಳುವ, ಬಚ್ಚಲಲ್ಲದ ಕೋಣೆ ಅದೊಂದೇ. ಅದು ಹೋದರೆ ಪೀಠಿಕೆಯವರ ಪಾಲಿಗೆ ಉಳಿಯುವುದು ಬಚ್ಚಲು.

"ನೋಡು, ಹೆಣ ಅಂದ್ಯಲ್ಲ, ಅದಕ್ಕೆ ಉತ್ತರ ಕೊಡೋಕೆ ಮುಂಚೆ ಜೀವ ಅಂದ್ರೆ ಏನು ಅನ್ನೋದನ್ನ ಸ್ವಲ್ಪ…"

"ವಿಷಯಕ್ಕೆ ಬನ್ನಿ ರೀ," ಎಂದಳು ಹೆಂಡತಿ.

"ಇದು ನಿನ್ನ ಲ್ಯಾಪ್‌ಟಾಪ್ ಜೊತೆ ಮಾತಾಡುತ್ತೆ ಕಣಯ್ಯಾ. ನಾನು ಬರೆದಿದ್ದು ಇದರಿಂದ ಹೊರಟು ಅದರೊಳಗೆ ಹೋಗುತ್ತೆ. ಈ ತಿಂಗಳು ಮುಗಿಯೋದ್ರೊಳಗೆ ಹೋಗದೇ ಇದ್ರೆ, ಇದೇ ಕೈಯಲ್ಲಿ ಎತ್ತಿ ಗುಜರಿಯವನ ಗಾಡಿಗೆ ಹಾಕ್ತೀನಿ."

ಅಷ್ಟು ಚಿಕ್ಕದಾಗಿ ಅವರು ಎಂದೂ ಮಾತಾಡಿದವರಲ್ಲ. ಭಾವಮೈದ ನಕ್ಕು, ಸೂಟ್‌ಕೇಸನ್ನು ತಂದು ಕೋಣೆಯ ಮೂಲೆಯಲ್ಲಿಟ್ಟ. "ಹೇಗೂ ಆಗಲೇಬೇಕಲ್ಲ, ಈಗ್ಲೇ ಇಲ್ಲಿರಲಿ," ಎಂದ. ಎಂಥಾ ದುರಹಂಕಾರ ನೋಡಿ.

ಹಳೆಯ ಕಂಪ್ಯೂಟರಿನ ಬೆನ್ನಿಗೆ ಒಂಬತ್ತು ಮುಳ್ಳಿನ ಒಂದು ಬಾಯಿತ್ತು. ಅದಕ್ಕೆ ಬೇಕಾದದ್ದು ಸೀರಿಯಲ್ ಕೇಬಲ್ಲು. ಅಕ್ಷರಗಳು ಅದರಲ್ಲಿ ಒಂದರ ಹಿಂದೊಂದು ಸಾಲಾಗಿ, ನೂಕಾಟವಿಲ್ಲದೆ ಹೋಗುತ್ತವೆ. ಪೀಠಿಕೆಯವರಿಗೆ ಅದು ಇಷ್ಟವಾಗಿದ್ದೇ ಅದಕ್ಕೆ. ಲ್ಯಾಪ್‌ಟಾಪಿಗೋ ಅಂಥ ಬಾಯೇ ಇಲ್ಲ. ಅಂಥ ಬಾಯಿ ಕೊಡಲು ಅದಕ್ಕೆ ಸಿಕ್ಕಿಸುವ ಒಂದು ತುಂಡು ಅಂಗಡಿಯಲ್ಲಿ ಹೇಗೋ ಸಿಕ್ಕಿತು, ಕೇಬಲ್ಲು ಸಿಗಲಿಲ್ಲ.

"ಅದನ್ನ ಈಗ ಯಾರೂ ಕೇಳಲ್ಲ ಸಾರ್," ಎಂದ ಅಂಗಡಿಯವನು.

"ನಾನು ಕೇಳ್ತಾ ಇದ್ದೀನಲ್ಲ?"

"ನಿಮ್ಮನ್ನ ಬಿಟ್ಟು."

ತಮ್ಮನ್ನು ಬಿಟ್ಟು ಲೆಕ್ಕ ಹಾಕುವ ಈ ಪದ್ಧತಿ ಪೀಠಿಕೆಯವರಿಗೆ ಕಚೇರಿಯಿಂದಲೇ ಪರಿಚಯವಿತ್ತು. ಅಲ್ಲಿ ಬಾಗಿಲ ಪಕ್ಕದ ಗೋಡೆಯ ಮೇಲೆ ಹಾಜರಿ ಮೆಷಿನ್ನು. ಬಂದವರು ಹೆಬ್ಬೆಟ್ಟು ಒತ್ತಬೇಕು. ಅದು ಸಾಹೇಬರ ಕಂಪ್ಯೂಟರಿಗೆ ಹೇಳಬೇಕು. ಸಾಹೇಬರ ಕಂಪ್ಯೂಟರು ಹೆಡ್ಡಾಫೀಸಿಗೆ ಹೇಳಬೇಕು. ಪೀಠಿಕೆಯವರ ಹೆಬ್ಬೆಟ್ಟನ್ನು ಮಾತ್ರ ಅದು ಬೇಕೆಂದಾಗ ಗುರುತಿಸುತ್ತಿತ್ತು, ಬೇಡವೆಂದಾಗ ಮತ್ತೆ ಒತ್ತಿ ಎನ್ನುತ್ತಿತ್ತು. ಆ ಮೆಷಿನ್ನನ್ನು ಶನಿವಾರ ಸಂಜೆ ಹಲ್ಲು ಕಡಿಯುತ್ತ ನೋಡುತ್ತಿದ್ದಾಗ, ಅದರ ಕೆಳಗಿನಿಂದ ಸಾಹೇಬರ ಮೇಜಿನವರೆಗೆ ಇಳಿದಿದ್ದ ತಂತಿ ಅವರ ಕಣ್ಣಿಗೆ ಬಿತ್ತು. ಬಿಚ್ಚಿ ನೋಡಿದರೆ ತುದಿಯಲ್ಲಿ ಒಂಬತ್ತು ತೂತು. ಅದೇ ಕೇಬಲ್ಲು.

ಇದನ್ನು ಕಳ್ಳತನ ಎನ್ನುವವರಿದ್ದಾರೆ. ಪೀಠಿಕೆಯವರು ಹಾಗೆ ತಿಳಿಯಲಿಲ್ಲ. ತಮ್ಮನ್ನು ಇಷ್ಟು ವರ್ಷ ಸತಾಯಿಸಿದ ಮೆಷಿನ್ನು ಒಂದು ಭಾನುವಾರದ ಮಟ್ಟಿಗೆ ತಮಗೆ ಉಪಕಾರ ಮಾಡುವುದು ನ್ಯಾಯವೆಂದೇ ಅವರಿಗೆ ತೋರಿತು. ಕೇಬಲ್ಲು ಟಿಫನ್ ಚೀಲ ಸೇರಿ ಮನೆಗೆ ಬಂತು.

ಭಾನುವಾರ ಬೆಳಿಗ್ಗೆ ಒಂದು ತುದಿ ಹಳೆಯದಕ್ಕೆ, ಇನ್ನೊಂದು ತುದಿ ಹೊಸದಕ್ಕೆ. ಏನೂ ಆಗಲಿಲ್ಲ. ಭಾವಮೈದ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತ ನೋಡಿದ. ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಕೊನೆಗೆ ಪೀಠಿಕೆಯವರು ಹಳೆಯ ಕೈಪಿಡಿಯ ಕೊನೆಯ ಪುಟ ಓದಿದರು. ಮುನ್ನುಡಿ ಓದಿ ಸುಸ್ತಾಗಿ ಅಲ್ಲಿಯವರೆಗೆ ಎಂದೂ ಹೋಗಿರಲಿಲ್ಲ. ಅಲ್ಲಿತ್ತು ನೋಡಿ ಗುಟ್ಟು. ಕೇಬಲ್ಲಿನೊಳಗೆ ಮಾತಾಡುವ ತಂತಿ ಒಂದು, ಕೇಳಿಸಿಕೊಳ್ಳುವ ತಂತಿ ಒಂದು. ಈ ಕೇಬಲ್ಲು ಇದರ ಬಾಯನ್ನು ಅದರ ಬಾಯಿಗೇ ಜೋಡಿಸಿತ್ತು, ಇದರ ಕಿವಿಯನ್ನು ಅದರ ಕಿವಿಗೇ. ಎರಡೂ ಒಟ್ಟಿಗೆ ಮಾತಾಡುತ್ತಿದ್ದವು, ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಹಾಗೆ ಮಾತಾಡುವವರ ನಡುವೆಯೇ ಸಂಸಾರ ಮಾಡಿದ್ದರೂ ಪೀಠಿಕೆಯವರಿಗೆ ಇದು ಹೊಳೆದಿರಲಿಲ್ಲ.

ಬೆಸುಗೆ ಕಡ್ಡಿ ಕಾಯಿಸಿ, ಕೇಬಲ್ಲಿನ ತುದಿ ಬಿಚ್ಚಿ, ಎರಡು ತಂತಿಗಳನ್ನು ಅದಲುಬದಲು ಮಾಡಿ ಅಂಟಿಸಿದರು. ಕೇಬಲ್ಲಿನ ಜೊತೆಗೆ ಮೇಜಿನ ಬಟ್ಟೆಯೂ ಅಂಟಿತು. ಹೊಗೆ ಎದ್ದಿತು. ಮೇಲಿನ ಮನೆಯ ಹೊಲಿಗೆಯಾಕೆ ಇಂಚುಪಟ್ಟಿ ಕೊರಳಿಗೆ ಹಾಕಿಕೊಂಡೇ ಇಳಿದು ಬಂದಳು.

"ಅಕ್ಕಾ, ಏನೋ ಸುಡ್ತಾ ಇದೆ."

"ನನ್ನ ಹೊಟ್ಟೆ," ಎಂದಳು ಹೆಂಡತಿ. ಹೇಳಿದವಳೇ ಹೋಗಿ ಮನೆಯ ಮೇನ್ ಸ್ವಿಚ್ಚು ಆರಿಸಿ, ಬೆಸುಗೆ ಕಡ್ಡಿಯನ್ನು ಎಲ್ಲೋ ಬಚ್ಚಿಟ್ಟಳು. "ಇವತ್ತಿಗೆ ಸಾಕು. ಮನೆ ಉಳಿದ್ರೆ ತಾನೇ ಕೋಣೆ."

ಹೀಗಾಗಿ ಪರೀಕ್ಷೆ ಮಾಡಿ ನೋಡುವುದು ಆಗಲೇ ಇಲ್ಲ. ಸೋಮವಾರ ಬೆಳಿಗ್ಗೆ ಪೀಠಿಕೆಯವರು ಎಲ್ಲರಿಗಿಂತ ಮುಂಚೆ ಕಚೇರಿಗೆ ಹೋಗಿ, ಕೇಬಲ್ಲನ್ನು ಇದ್ದ ಜಾಗಕ್ಕೆ ಸಿಕ್ಕಿಸಿದರು. ಹೆಬ್ಬೆಟ್ಟು ಒತ್ತಿದರು. ಮೆಷಿನ್ನು ಹಸಿರು ದೀಪ ತೋರಿಸಿತು. ಎರವಲು ತಂದದ್ದನ್ನು ಹೇಳಿದ ಹೊತ್ತಿಗೆ ವಾಪಸು ಕೊಡುವವರು ಈ ಕಾಲದಲ್ಲಿ ಎಷ್ಟು ಜನ ಎಂದು ತಮ್ಮ ಬಗ್ಗೆ ತಾವೇ ಸ್ವಲ್ಪ ಹೆಮ್ಮೆಪಟ್ಟುಕೊಂಡು ಕುರ್ಚಿಗೆ ಹೋದರು.

ಊಟದ ಹೊತ್ತಿಗೆ ಹೆಡ್ಡಾಫೀಸಿನಿಂದ ಫೋನು ಬಂತು. ಸಾಹೇಬರೇ ಎತ್ತಿಕೊಂಡರು.

"ನಿಮ್ಮ ಕಚೇರೀಲಿ ಇವತ್ತು ಒಬ್ಬರೂ ಇಲ್ವಂತೆ?"

"ಎಲ್ಲಾ ಇದ್ದಾರೆ ಸಾರ್."

"ನೀವು ಯಾರು ಮಾತಾಡ್ತಿರೋದು?"

"ನಾನೇ ಸಾರ್, ಇಲ್ಲಿನ ಅಧಿಕಾರಿ."

"ಅಧಿಕಾರಿ ಇವತ್ತು ಬಂದಿಲ್ಲ. ಫೋನ್ ಇಡ್ರಿ."

ಸಾಹೇಬರು ಫೋನು ಇಟ್ಟು, ಬಹಳ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು. ಆ ಹೊತ್ತಿಗೇ ಒಬ್ಬ ಹೋಟೆಲಿನವನು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಓಡಿ ಬಂದ. ಪೈಪು ಒಡೆದು ಅಡುಗೆಮನೆಯಲ್ಲಿ ಪಾತ್ರೆಗಳು ತೇಲುತ್ತಿವೆ, ನೀರು ನಿಲ್ಲಿಸಲು ಒಂದು ಸಹಿ ಹಾಕಬೇಕು.

"ನಾನು ಇವತ್ತು ಬಂದಿಲ್ಲ," ಎಂದರು ಸಾಹೇಬರು.

"ಮತ್ತೆ ಕುರ್ಚೀಲಿ ಕೂತಿರೋರು ಯಾರು ಸ್ವಾಮಿ?"

"ಕೂತಿರೋನು ನಾನೇ. ಆದ್ರೆ ಬಂದಿಲ್ಲ. ಈಗ ಸಹಿ ಹಾಕಿದ್ರೆ ಅದು ಬಾರದೇ ಇರೋನು ಹಾಕಿದ ಸಹಿ ಆಗುತ್ತೆ. ನಾಳೆ ನನ್ನ ತಲೆಗೆ ಬರುತ್ತೆ. ನೀವೇ ಯೋಚನೆ ಮಾಡಿ."

ಹೋಟೆಲಿನವನು ಯೋಚನೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ದೂರು ವಿಭಾಗದ ಮೇಜಿಗೆ ಬಂದು ಪೀಠಿಕೆಯವರನ್ನು ಹಿಡಿದ. "ನೀವಾದ್ರೂ ಬಂದಿದ್ದೀರಾ?"

"ಬಂದಿದ್ದೀನಿ. ಬಂದಿರೋದು ಅಂದ್ರೇನು ಅಂತ ಹೇಳೋಕೆ ಮುಂಚೆ, ಒಬ್ಬ ಮನುಷ್ಯ ಮನೆಯಿಂದ ಹೊರಟಾಗ…"

ಹೋಟೆಲಿನವನು ಪೂರ್ತಿ ಕೇಳಲಿಲ್ಲ. ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ಇಡೀ ಇಲಾಖೆಗೆ ಬೈದ. ಅವನು ಬೈದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂಬುದೇ ಎಲ್ಲರ ಸಂಕಟ.

ಸಂಜೆ ಮನೆಗೆ ಬಂದರೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಗೈರುಹಾಜರಾದವರ ಮನೆಗೆ ಹೆಡ್ಡಾಫೀಸಿನಿಂದ ತಾನಾಗಿಯೇ ಒಂದು ಮೆಸೇಜು ಹೋಗುತ್ತದೆ. ಪೀಠಿಕೆಯವರು ಕೊಟ್ಟಿದ್ದ ನಂಬರು ಹೆಂಡತಿಯದು.

"ನಿಮ್ಮವರು ಇಂದು ಕಚೇರಿಗೆ ಹಾಜರಾಗಿಲ್ಲ ಅಂತ ಬಂದಿದೆ. ಟಿಫನ್ ಡಬ್ಬಿ ತಗೊಂಡು ಎಲ್ಲಿಗೆ ಹೋಗಿದ್ರಿ?"

"ಕಚೇರಿಗೆ."

"ಇಲ್ಲ ಅಂತಿದೆ ಇಲ್ಲಿ."

"ಅದು ಮೆಷಿನ್ನು ಕಣೇ. ನಾನು ನಿನ್ನ ಗಂಡ."

"ಅದು ಸುಳ್ಳು ಹೇಳಿ ಏನು ಲಾಭ ಮಾಡ್ಕೊಳ್ಳುತ್ತೆ?"

ಭಾವಮೈದ ಸೋಫಾದಿಂದಲೇ ಕನಿಕರದ ದನಿಯಲ್ಲಿ ಹೇಳಿದ. "ಅಕ್ಕ, ಬಿಡು. ಈ ವಯಸ್ಸಲ್ಲಿ ಕೆಲವರಿಗೆ ಹೀಗಾಗುತ್ತೆ. ಪಾರ್ಕಲ್ಲಿ ಕೂತು ಬರ್ತಾರೆ."

ಮರುದಿನದ ಹೊತ್ತಿಗೆ ಹೊಲಿಗೆಯಾಕೆಗೆ ವಿಷಯ ಗೊತ್ತಾಗಿತ್ತು. ರವಿಕೆ ಅಳತೆಗೆ ಬಂದವರೆಲ್ಲರಿಗೂ ಅವಳು ಅಳತೆಯ ಜೊತೆಗೆ ಅದನ್ನೂ ಕೊಟ್ಟು ಕಳಿಸಿದಳು. ಪೀಠಿಕೆಯವರು ಬೀದಿಯಲ್ಲಿ ನಡೆದರೆ ಜನ ಟಿಫನ್ ಚೀಲವನ್ನು ಅನುಮಾನದಿಂದ ನೋಡಿ, ಮೆತ್ತಗೆ, "ಪಾರ್ಕಿಗಾ?" ಎಂದು ಕೇಳತೊಡಗಿದರು. ದಿನಕ್ಕೆಂಟು ಗಂಟೆ ಬೆನ್ನು ಬಗ್ಗಿಸಿ ದುಡಿಯುವವನಿಗೆ ಕೇಳುವ ಮಾತೇ ಇದು?

ಕಚೇರಿಯಲ್ಲಿ ಮೆಷಿನ್ ಕಂಪನಿಯ ರಿಪೇರಿಯವನು ಬಂದ. ಹಾಜರಿ ಮೆಷಿನ್ನು ಬದಲಿಸಿದ. ಸಾಹೇಬರ ಕಂಪ್ಯೂಟರು ಬದಲಿಸಿದ. ಮೊಳೆ ಬದಲಿಸಿ, ಮೆಷಿನ್ನನ್ನು ಗೋಡೆಯ ಇನ್ನೊಂದು ಕಡೆ ತೂಗುಹಾಕಿದ. ಎಲ್ಲರ ಹೆಬ್ಬೆಟ್ಟನ್ನೂ ಸೋಪು ಹಾಕಿ ತೊಳೆಸಿದ. ಕೇಬಲ್ಲನ್ನು ಮಾತ್ರ ಪ್ರತಿ ಸಲವೂ ಜೋಪಾನವಾಗಿ ಬಿಚ್ಚಿ, ಪ್ರತಿ ಸಲವೂ ಜೋಪಾನವಾಗಿ ಹಾಕಿದ. "ಕೇಬಲ್ ಚೆನ್ನಾಗಿದೆ ಸಾರ್, ಹಳೇ ಕಾಲದ್ದು, ಗಟ್ಟಿ," ಎಂದ. ಎಲ್ಲರೂ ದಿನವೂ ಬರುತ್ತಲೇ ಇದ್ದರು, ದಿನವೂ ಬಾರದೇ ಇದ್ದರು.

ಕೊನೆಗೆ ಹೆಡ್ಡಾಫೀಸಿನ ಆದೇಶ ಬಂತು. ಗೈರುಹಾಜರಾದ ದಿನಗಳಿಗೆ ಎಲ್ಲ ಸಿಬ್ಬಂದಿ ಕೂಡಲೇ ರಜೆ ಅರ್ಜಿ ಕೊಡತಕ್ಕದ್ದು.

ಇದನ್ನು ಕೇಳಿ ಪೀಠಿಕೆಯವರ ಒಳಗೆ ಇಷ್ಟು ವರ್ಷ ಖರ್ಚಾಗದೆ ಉಳಿದಿದ್ದ ಸಿಟ್ಟೆಲ್ಲ ಒಟ್ಟಿಗೆ ಎದ್ದಿತು. ಬಂದ ದಿನಕ್ಕೆ ರಜೆ ಹಾಕುವುದೇ? ಸಹೋದ್ಯೋಗಿಗಳು ಸುತ್ತ ಸೇರಿದರು. ಪೀಠಿಕೆಯವರು ಸ್ಟೂಲಿನ ಮೇಲೆ ಹತ್ತಿದರು. ಎಂದೂ ಅವರ ಮಾತು ಕೇಳದ ಜನ ಅಂದು ಉಸಿರು ಬಿಗಿಹಿಡಿದು ಕೇಳಿದರು. ಮನುಷ್ಯ ಮನೆಯಿಂದ ಹೊರಡುವುದರಿಂದ ಶುರುವಾಗಿ, ಬಸ್ಸಿನ ನೂಕುನುಗ್ಗಲು ದಾಟಿ, ಮಾತು ಮೆಷಿನ್ನಿನ ಹತ್ತಿರ ಬಂತು.

"ಸ್ನೇಹಿತರೇ, ನಾವು ದಿನಾ ಬಂದು ಹೆಬ್ಬೆಟ್ಟು ಒತ್ತುತ್ತೀವಿ. ಮೆಷಿನ್ನು ಹೇಳುತ್ತೆ. ಆದರೆ ಕೇಳಬೇಕಾದವರಿಗೆ ಕೇಳಿಸಲ್ಲ. ಯಾಕೆ ಕೇಳಿಸಲ್ಲ? ಯಾಕಂದ್ರೆ ಬಾಯಿ ಇರೋ ಕಡೆ ಕಿವಿ, ಕಿವಿ ಇರೋ ಕಡೆ ಬಾಯಿ…"

ಅಲ್ಲಿಗೆ ಮಾತು ನಿಂತಿತು. ಹಾಜರಿ ಮೆಷಿನ್ನಿಗೆ ಸರಿಯಾಗಿಯೇ ಇದ್ದ ತಂತಿಗಳನ್ನು ಅದಲುಬದಲು ಮಾಡಿ ತಂದು ಸಿಕ್ಕಿಸಿದ್ದು ತಾವೇ ಎಂಬುದು ಆಗ ಅವರಿಗೆ ಹೊಳೆಯಿತು. ಮೇಜಿನ ಕೆಳಗೆ ತೂಗುತ್ತಿದ್ದ ಕೇಬಲ್ಲನ್ನು ನೋಡಿದರು. ಅದರ ತುದಿಯಲ್ಲಿ ಮನೆಯ ಮೇಜುಬಟ್ಟೆಯ ಹೂವಿನದೊಂದು ಎಸಳು ಇನ್ನೂ ಅಂಟಿಕೊಂಡಿತ್ತು.

"ಅಷ್ಟೇ," ಎಂದು ಸ್ಟೂಲಿನಿಂದ ಇಳಿದರು.

ಅವರ ಭಾಷಣ ಮುಗಿದದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ. ದುಃಖದಿಂದ ಗಂಟಲು ಕಟ್ಟಿತೆಂದು ತಿಳಿದು ಕೆಲವರು ಕಣ್ಣೊರೆಸಿಕೊಂಡರು. ಚಪ್ಪಾಳೆಯ ಗದ್ದಲದಲ್ಲಿ ಪೀಠಿಕೆಯವರು ಮೇಜಿನ ಕೆಳಗೆ ತೂರಿ, ಕೇಬಲ್ಲು ಬಿಚ್ಚಿ, ಚೀಲಕ್ಕೆ ಹಾಕಿಕೊಂಡು ಹೊರಟರು. ಮನೆಗೆ ಹೋಗಿ ತಂತಿ ಸರಿ ಮಾಡಿ ಬೆಳಗಾಗುವುದರೊಳಗೆ ತಂದು ಸಿಕ್ಕಿಸಿಬಿಡಬೇಕು. ಅದಕ್ಕೂ ಮುಂಚೆ ಒಂದೇ ಒಂದು ಸಲ, ಹೇಗೂ ತಂತಿ ಅದಲುಬದಲಾಗಿಯೇ ಇದೆಯಲ್ಲ, ಒಂದೇ ಸಲ ನೋಡಿಬಿಡಬೇಕು.

ನೋಡಿದರು. ಹಳೆಯದರ ಗುಂಡಿ ಒತ್ತಿದರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಅಕ್ಷರ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಒಂದು ಇಡೀ ಸಾಲು. ಯೌವನದಲ್ಲಿ ಒಂದು ಬೇಸಿಗೆಯಿಡೀ ಕೂತು, ಒಂದೊಂದೇ ಬೆರಳಲ್ಲಿ ಕುಟ್ಟಿದ್ದ ಸಾಲುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಪೀಠಿಕೆಯವರ ಕಣ್ಣು ಮಂಜಾಯಿತು. "ಬಾರೇ, ಇಲ್ಲಿ ಬಾರೇ," ಎಂದು ಕೂಗಿದರು. ಹೆಂಡತಿ ಕೈಯ ಸೌಟಿನ ಸಮೇತ ಬಂದಳು, ಭಾವಮೈದನೂ ಬಂದ.

"ನೋಡು. ಹೆಣ ಅಂದ್ಯಲ್ಲ. ಮಾತಾಡ್ತಾ ಇದೆ ನೋಡು."

ಭಾವಮೈದ ಪರದೆಯನ್ನು ನೋಡಿದ, ಹಳೆಯ ಯಂತ್ರವನ್ನು ನೋಡಿದ. ಸೋತವನ ಕಳೆ ಅವನ ಮುಖದಲ್ಲಿ ಹುಡುಕಿದರೂ ಇರಲಿಲ್ಲ.

"ವಂಡರ್‌ಫುಲ್ ಭಾವ. ಅದರೊಳಗೆ ಇರೋದೆಲ್ಲಾ ಇದಕ್ಕೆ ಬಂದ್ಬಿಡ್ತಲ್ಲ. ಇನ್ನು ಅದು ಯಾಕೆ? ನಾಳೇನೇ ಗುಜರಿಗೆ ಕೊಟ್ಬಿಡೋಣ."

ಅನ್ಯಾಯಕ್ಕೂ ಒಂದು ಮಿತಿ ಬೇಡವೇ? ಹೋಗದಿದ್ದರೆ ಗುಜರಿಗೆ ಎಂದು ಪೀಠಿಕೆಯವರು ತಾವೇ ಆಡಿದ್ದರು. ಹೋದರೂ ಗುಜರಿಗೆ ಎಂದು ಇವನು ಹೇಳುತ್ತಿದ್ದಾನೆ. ಹೆಂಡತಿಯ ಮುಖ ನೋಡಿದರು. ಅವಳಿಗೆ ತಮ್ಮನ ಮಾತು ಸರಿ ಕಾಣುತ್ತಿತ್ತು.

"ಬಂದಿಲ್ಲ," ಎಂದರು ಪೀಠಿಕೆಯವರು.

"ಬರ್ತಾ ಇದೆಯಲ್ಲ ಭಾವ, ಕಣ್ಣೆದುರಿಗೆ."

"ಏನೂ ಬಂದಿಲ್ಲ. ನಿನ್ನ ಕಣ್ಣಿಗೆ ಏನಾಗಿದೆ?"

"ಬಂದಿದೆ ಭಾವ. ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡಿ."

"ಅದು ಸತ್ತು ಎಷ್ಟೋ ಕಾಲ ಆಯ್ತು ಕಣಯ್ಯಾ, ಅದು ಹೇಗೆ ಕೆಲಸ ಮಾಡುತ್ತೆ?"

ಇಬ್ಬರೂ ಬೆರಳು ತೋರಿಸಿಕೊಂಡು ಕೂಗಾಡುತ್ತಿರುವಾಗ ಬಾಗಿಲು ತಟ್ಟಿತು. ಸಾಹೇಬರು. ಹಿಂದೆ ರಿಪೇರಿಯವನು. ಪೀಠಿಕೆಯವರ ಚೀಲದಿಂದ ತಂತಿಯ ಬಾಲ ನೇತಾಡುತ್ತಿದ್ದದ್ದನ್ನು ಗೇಟಿನ ಕಾವಲಿನವನು ನೋಡಿದ್ದ. ಮೆಟ್ಟಿಲ ಮೇಲೆ ಹೊಲಿಗೆಯಾಕೆ ಆಗಲೇ ಜಾಗ ಹಿಡಿದಾಗಿತ್ತು.

ಸಾಹೇಬರು ಕೋಣೆಗೆ ಬಂದು ನೋಡಿದರು. ಈ ಕಡೆ ಒಂದು ಯಂತ್ರ, ಆ ಕಡೆ ಒಂದು ಯಂತ್ರ, ನಡುವೆ ಸರ್ಕಾರದ ಕೇಬಲ್ಲು. ಅವರು ಸರ್ವೀಸಿನುದ್ದಕ್ಕೂ ನೀರಿನ ಇಲಾಖೆಯಲ್ಲೇ ಬೆಳೆದು ಬಂದವರು. ಅಲ್ಲಿ ಎರಡರ ನಡುವೆ ಗುಟ್ಟಾಗಿ ಏನನ್ನು ಜೋಡಿಸಿದರೂ ಅದಕ್ಕೆ ಒಂದೇ ಹೆಸರು.

"ಅಕ್ರಮ ಸಂಪರ್ಕ," ಎಂದರು ಸಾಹೇಬರು.

"ಸಾರ್, ಇದನ್ನ ವಿವರಿಸೋಕೆ ಮುಂಚೆ…"

"ವಿವರಿಸ್ಬೇಡಿ. ಇಷ್ಟು ದಿನ ನಾನು ಎಲ್ಲಿದ್ದೆ ಅಂತ ಹೆಡ್ಡಾಫೀಸು ಕೇಳ್ತಿದೆ, ನನ್ನ ಹೆಂಡತೀನೂ ಕೇಳ್ತಿದ್ದಾಳೆ. ಉತ್ತರ ಈ ಕೋಣೇಲಿದೆ. ವಿಚಾರಣೆ ಮುಗಿಯೋವರೆಗೂ ಒಂದು ಕಡ್ಡೀನೂ ಅಲ್ಲಾಡ್ಬಾರದು. ಎಲ್ಲಾ ಹೊರಗೆ ಬನ್ನಿ."

ಎಲ್ಲ ಹೊರಗೆ ಬಂದರು. ಕಳ್ಳ ನಲ್ಲಿಗಳಿಗೆ ಹಾಕುವ ಸೀಸದ ಸೀಲೂ ಇಕ್ಕಳವೂ ಸಾಹೇಬರ ಚೀಲದಲ್ಲಿ ಯಾವಾಗಲೂ ಇರುತ್ತಿದ್ದವು. ಬಾಗಿಲ ಹೊರಚಿಲಕಕ್ಕೆ ತಂತಿ ಸುತ್ತಿ, ಸೀಸ ಹಾಕಿ, ಇಕ್ಕಳದಿಂದ ಒತ್ತಿದರು. ಆ ಕೆಲಸದಲ್ಲಿ ಅವರ ಕೈ ಪಳಗಿತ್ತು.

"ಸಾರ್," ಎಂದ ರಿಪೇರಿಯವನು ಮೆಲ್ಲಗೆ. "ನಮ್ಮ ಕೇಬಲ್ಲು ಒಳಗೇ ಉಳೀತು. ಅದಿಲ್ದೆ ನಾಳೇನೂ ಯಾರೂ ಬಂದಿರಲ್ಲ."

ಸಾಹೇಬರು ಸೀಲನ್ನು ನೋಡಿದರು. "ಸಾಕ್ಷಿ. ಮುಟ್ಟೋ ಹಾಗಿಲ್ಲ."

"ವಿಚಾರಣೆ ಯಾವಾಗ ಮುಗಿಯುತ್ತೆ ಸಾರ್?" ಎಂದು ಕೇಳಿದಳು ಹೆಂಡತಿ.

"ಮೊದಲು ಶುರುವಾಗ್ಬೇಕಲ್ಲಮ್ಮ. ನಾನು ಕಚೇರೀಲಿ ಹಾಜರಿದ್ರೆ ತಾನೇ ವಿಚಾರಣೆಗೆ ಆದೇಶ ಮಾಡೋಕಾಗೋದು?" ಎಂದು ಹೇಳಿ ಸಾಹೇಬರು ರಿಪೇರಿಯವನೊಂದಿಗೆ ಮೆಟ್ಟಿಲಿಳಿದು ಹೋದರು.

ಪೀಠಿಕೆಯವರು ಸೀಲು ಬಿದ್ದ ಬಾಗಿಲನ್ನು ನೋಡುತ್ತ ನಿಂತರು. ಸಿಟ್ಟಿನ ಅಡಿಯಿಂದ ನಿಧಾನವಾಗಿ ಏನೋ ಸಂತೋಷ ಮೇಲೆ ಬರತೊಡಗಿತು. ಯಂತ್ರ ಒಳಗಿದೆ. ಯಾವ ಗುಜರಿಯವನೂ ಅದನ್ನು ಮುಟ್ಟುವಂತಿಲ್ಲ. ಯಾವ ಭಾವಮೈದನೂ ಆ ಕೋಣೆಯಲ್ಲಿ ಹಾಸಿಗೆ ಬಿಡಿಸುವಂತಿಲ್ಲ. ತಮಗೂ ಒಳಗೆ ಹೋಗುವಂತಿಲ್ಲ ನಿಜ, ಆದರೂ ಉಳಿಯಿತಲ್ಲ. ಅವರು ಎದೆ ಉಬ್ಬಿಸಿ, ಬಾಗಿಲಿನತ್ತ ಕೈ ತೋರಿಸಿ, ಭಾವಮೈದನ ಕಡೆ ತಿರುಗಿದರು.

"ಆಯ್ತಪ್ಪ. ಕೋಣೆ ಇಲ್ಲ. ಕಂಪನಿ ಮನೆ ಕೊಡ್ತೀನಿ ಅಂದಿತ್ತಲ್ಲ. ಯಾವಾಗ ಹೊರಡ್ತೀಯ?"

ಭಾವಮೈದ ಆಗಲೇ ಸೋಫಾದ ಮೇಲೆ ಕಾಲು ಚಾಚಿ, ಭಾವನ ಲುಂಗಿ ಉಟ್ಟುಕೊಂಡಾಗಿತ್ತು. ಅವನ ದನಿಯಲ್ಲಿ ನಿಜವಾದ ರೋಷವಿತ್ತು.

"ಹೇಗೆ ಹೊರಡ್ಲಿ ಭಾವ? ನನ್ನ ಬಟ್ಟೆ, ಸರ್ಟಿಫಿಕೇಟು, ಕನ್ನಡಕ, ಎಲ್ಲಾ ಸೂಟ್‌ಕೇಸಲ್ಲಿದೆ, ಸೂಟ್‌ಕೇಸು ಒಳಗಿದೆ. ಇಂಥ ಅನ್ಯಾಯ ಮಾಡಿ ಹೋಗಿದ್ದಾರೆ ಆ ಮನುಷ್ಯ. ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗ್ತೀನಾ? ಆ ಬಾಗಿಲು ತೆಗೆಯೋವರೆಗೂ ನಾನು ಈ ಮನೆ ಬಿಟ್ಟು ಕದಲಲ್ಲ."